ಅಂಗಡಿಯವರ ಮನೆಗೆ ಯಾವ ಅಕ್ಕಿ?

ಹೋದ ತಿಂಗಳು ಮಗ ಬೆಂಗಳೂರಿನಿಂದ ಬಂದಾಗ ಅಜ್ಜಿಗೆಂದು ಒಂದು ಬಾಟಲಿ ತುಪ್ಪ ತಂದ. ಅಂತಿಂಥ ಬಾಟಲಿಯಲ್ಲ. ದಪ್ಪ ಗಾಜು, ಕತ್ತಿನ ಸುತ್ತ ಸೆಣಬಿನ ದಾರ, ದಾರಕ್ಕೆ ನೇತುಹಾಕಿದ ಪುಟ್ಟ ಚೀಟಿ, ಚೀಟಿಯಲ್ಲಿ ಹಸು. ಅರ್ಧ ಲೀಟರಿಗೆ 1,250 ರೂಪಾಯಿ. ನಮ್ಮತ್ತೆ ಕನ್ನಡಕ ಹಾಕಿಕೊಂಡು ಬೆಲೆ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ, ‘ಇದನ್ನ ತಿನ್ನೋದೋ, ದೇವರ ಮುಂದೆ ಇಡೋದೋ?’ ಅಂದರು.

ನಾನು ಬಾಟಲಿ ತಿರುಗಿಸಿ ಹಿಂಬದಿ ಓದತೊಡಗಿದೆ. ಮಗ, ‘ಶುರುವಾಯ್ತು’ ಅಂತ ಗೊಣಗಿದ. ಏನು ಮಾಡಲಿ, ಇದು ನನಗೆ ಹುಟ್ಟಿನಿಂದ ಬಂದ ಚಾಳಿ. ನಮ್ಮಪ್ಪನದು ತಿಪಟೂರಿನಲ್ಲಿ ದಿನಸಿ ಅಂಗಡಿ. ನಾನು ಅಕ್ಷರ ಕಲಿತದ್ದು ಸ್ಲೇಟಿನ ಮೇಲೆ ಎಷ್ಟೋ, ಗೋಣಿಚೀಲದ ಮೇಲಿನ ಮೊಹರಿನಲ್ಲೂ ಅಷ್ಟೇ. ಈಗ ಮೈಸೂರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಸಂಜೆ ಮನೆಗೆ ಬಂದರೆ ಮನೆಯ ಲೆಕ್ಕ. ಹಾಗಾಗಿ ‘ಇದಕ್ಕೆ ಅಷ್ಟು ಕೊಡಬಹುದೇ?’ ಅನ್ನುವ ಪ್ರಶ್ನೆ ನನ್ನ ಬೆನ್ನು ಬಿಟ್ಟದ್ದೇ ಇಲ್ಲ.

ಅಪ್ಪನ ಅಂಗಡಿಯ ಬಾಗಿಲಲ್ಲಿ ಸೋನಾ ಮಸೂರಿಯ ಮೂರು ಚೀಲ ಬಾಯಿ ತೆರೆದು ಕೂತಿರುತ್ತಿದ್ದವು. ಮೂರಕ್ಕೂ ಮೂರು ಬೆಲೆ. ಊರಿನ ದೊಡ್ಡ ಮನುಷ್ಯರು ಬೆಳ್ಳಗೆ ಮಿರಮಿರ ಮಿಂಚುವ ಚೀಲವನ್ನೇ ತೋರಿಸುತ್ತಿದ್ದರು. ನಮ್ಮ ಮನೆಗೆ ಹೋಗುತ್ತಿದ್ದದ್ದು ಈ ಮೂರರಲ್ಲಿ ಯಾವುದೂ ಅಲ್ಲ. ಒಳಗಿನ ಕೋಣೆಯಲ್ಲಿ ಹಲಗೆ ಮೇಲೆ ಇನ್ನೊಂದು ಚೀಲ ಇತ್ತು. ಅದೇ ಸೋನಾ ಮಸೂರಿ, ಆದರೆ ಒಂದು ವರ್ಷ ಹಳೆಯದು, ಬಣ್ಣ ಸ್ವಲ್ಪ ಕಂದು. ಹಳೇ ಅಕ್ಕಿ ನೀರು ಹೆಚ್ಚು ಕುಡಿಯುತ್ತೆ, ಅನ್ನ ಕಾಳುಕಾಳಾಗಿ ಬಿಡುತ್ತೆ, ಒದಗುತ್ತೆ. ಹೊಸ ಅಕ್ಕಿಯಾದರೆ ಮುದ್ದೆಯಾಗುತ್ತೆ. ಸಂಕ್ರಾಂತಿ ಪೊಂಗಲ್ಲಿಗೆ ಸರಿ, ಚಿತ್ರಾನ್ನಕ್ಕಲ್ಲ. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ, ‘ಅಪ್ಪ, ಬೆಳ್ಳಗಿರೋದು ಒಳ್ಳೇದಲ್ವಾ?’ ಅಂತ ಕೇಳಿದ್ದೆ. ಅಪ್ಪ ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದ್ದು: ‘ದುಡ್ಡು ಎಲ್ಲಿಗೆ ಹೋಯ್ತು ಅಂತ ನೋಡ್ಬೇಕು ಪುಟ್ಟಿ. ಮಾಲಿಗೆ ಹೋಯ್ತಾ, ಚೀಲಕ್ಕೆ ಹೋಯ್ತಾ?’

ಈಗ ಆ ತುಪ್ಪವನ್ನೇ ತಗೊಳ್ಳಿ. ನೋಡಿದ ತಕ್ಷಣ ಬಾಯಿಗೆ ಬಂದದ್ದು ‘ಹಗಲು ದರೋಡೆ’. ಆದರೆ ಕೂತು ಹಿಂದಿನಿಂದ ಲೆಕ್ಕ ಹಾಕಿದರೆ ಕಥೆ ಬೇರೆಯೇ ಇದೆ. ಹಸುವಿನ ಹಾಲಿನಲ್ಲಿ ಕೊಬ್ಬು ಹೆಚ್ಚುಕಡಿಮೆ ನೂರಕ್ಕೆ ನಾಲ್ಕು ಭಾಗ. ಕಡೆಯುವಾಗ, ಕಾಯಿಸುವಾಗ ಹೋಗುವುದನ್ನೂ ಸೇರಿಸಿದರೆ ಒಂದು ಲೀಟರ್ ತುಪ್ಪಕ್ಕೆ ಸುಮಾರು 25 ಲೀಟರ್ ಹಾಲು ಬೇಕು. ನಾಟಿ ಹಸು ಕೊಡುವುದೇ ಎರಡು ಮೂರು ಲೀಟರ್, ಅದರ ಹಾಲನ್ನು 80 ರೂಪಾಯಿಗೆ ಕಡಿಮೆ ಯಾರೂ ಕೊಡಲ್ಲ. ಹಾಲಿನ ಬಾಬ್ತೇ ಎರಡು ಸಾವಿರ ಆಯಿತು. ಹೆಪ್ಪು ಹಾಕಿ ಕಡೆಯುವ ಕೂಲಿ, ಸೌದೆ, ಆ ಗಾಜು, ಆ ದಾರ. ಲೀಟರಿಗೆ 2,500 ಅಂದರೆ ಅನ್ಯಾಯದ ಬೆಲೆ ಏನಲ್ಲ.

ಹಾಗಾದರೆ ನಮ್ಮ ನಂದಿನಿ ತುಪ್ಪ 700ರ ಆಸುಪಾಸಿಗೆ ಹೇಗೆ ಸಿಗುತ್ತೆ? ಡೇರಿಯವರು 25 ಲೀಟರಿನ ಭಾರವನ್ನು ತುಪ್ಪದ ತಲೆ ಮೇಲೆ ಹೊರಿಸಲ್ಲ. ನಾವು ಕೊಳ್ಳುವ ನೀಲಿ ಪೊಟ್ಟಣದ ಹಾಲಿನಲ್ಲಿ ಕೊಬ್ಬು ಶೇ 3 ಮಾತ್ರ. ತೆಗೆದುಳಿದ ಕೊಬ್ಬು ಬೆಣ್ಣೆ, ತುಪ್ಪ ಆಗುತ್ತೆ. ಕೊಬ್ಬು ಕಳೆದ ಹಾಲು ಹಾಲಾಗಿ, ಮೊಸರಾಗಿ, ಪುಡಿಯಾಗಿ ತನ್ನ ದುಡ್ಡು ತಾನೇ ದುಡಿದುಕೊಳ್ಳುತ್ತೆ. ಮನೆಯಲ್ಲಿ ಹೆಪ್ಪು ಹಾಕಿ ಕಡೆದವರಿಗೆ ಉಳಿಯುವುದು ಮಜ್ಜಿಗೆ. ಅದನ್ನು ಯಾರಿಗೆ ಮಾರುತ್ತಾರೆ?

ಅಂದರೆ ಸಂಶಯಪಡಬೇಕಾದದ್ದು 2,500ರ ತುಪ್ಪವನ್ನಲ್ಲ. ಅದೇ ಹಸುವಿನ ಚಿತ್ರ, ಅದೇ ‘ಎ2’, ಅದೇ ‘ಮಂತಿನಿಂದ ಕಡೆದದ್ದು’ ಅಂತ ಬರೆದು 900ಕ್ಕೆ ಮಾರುತ್ತಾರಲ್ಲ, ಅದನ್ನು. ಆ ಬೆಲೆಗೆ ಹಾಲು ಕೂಡ ಬರಲ್ಲ.

ಆದರೂ ನಾನು ಎರಡನೇ ಬಾಟಲಿ ತರಿಸಲ್ಲ. ಎ2 ಅನ್ನುವುದು ಹಾಲಿನ ಒಂದು ಪ್ರೋಟೀನಿನ ಜಾತಿ. ತುಪ್ಪ ಅಂದರೆ ಪ್ರೋಟೀನೆಲ್ಲ ಗಸಿಯಾಗಿ ತಳಕ್ಕೆ ಕೂತ ಮೇಲೆ ಮೇಲಿಂದ ಸೋಸಿದ ಬರೀ ಕೊಬ್ಬು. ಇಲ್ಲದ ಪ್ರೋಟೀನಿನ ಹೆಸರಿಗೆ ಯಾಕೆ ದುಡ್ಡು? 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಹಾಲು, ತುಪ್ಪದ ಪೊಟ್ಟಣಗಳ ಮೇಲಿಂದ ಈ ಎ1, ಎ2 ತೆಗೆಯಿರಿ ಅಂತ ಆದೇಶ ಮಾಡಿತ್ತು. ವಾರದೊಳಗೆ ಆದೇಶ ವಾಪಸ್ಸೂ ಆಯಿತು. ಪ್ರಾಧಿಕಾರ ಮನಸ್ಸು ಬದಲಿಸಿದರೂ ತುಪ್ಪದೊಳಗೆ ಏನೂ ಬದಲಾಗಲಿಲ್ಲ. ರುಚಿ? ಚೆನ್ನಾಗಿತ್ತು. ಘಮವೂ ಇತ್ತು. ಆದರೆ ನಾನು ನಂದಿನಿ ಬೆಣ್ಣೆ ತಂದು ವೀಳ್ಯದೆಲೆ, ಎರಡು ಕಾಳು ಮೆಂತ್ಯ ಹಾಕಿ ಕಾಯಿಸಿದ್ದನ್ನು ಪಕ್ಕದಲ್ಲಿಟ್ಟು ಅತ್ತೆಯ ಕಣ್ಣು ಮುಚ್ಚಿಸಿ ಕೇಳಿದಾಗ, ಅವರು ಬೆರಳು ನೆಕ್ಕಿ ತೋರಿಸಿದ್ದು ನನ್ನದನ್ನು. ಮಗ ಇದನ್ನು ಒಪ್ಪಲ್ಲ. ವೀಳ್ಯದೆಲೆ ಹಾಕಿದ್ದು ಮೋಸ ಅಂತಾನೆ.

ಎಣ್ಣೆಯ ವಿಷಯದಲ್ಲಿ ಮಾತ್ರ ನಾನು ಕೈ ಸುಟ್ಟುಕೊಂಡೇ ಕಲಿತದ್ದು. ಮೂರು ವರ್ಷದ ಹಿಂದೆ ಒಂದು ಮೇಳದಲ್ಲಿ ‘ಮರದ ಗಾಣದ ಶುದ್ಧ ಕಡಲೆಕಾಯಿ ಎಣ್ಣೆ, ಲೀಟರಿಗೆ 220 ಮಾತ್ರ’ ಅಂತ ಬೋರ್ಡು. ಜನ ಮುತ್ತಿಕೊಂಡಿದ್ದರು. ನಾನೂ ಐದು ಲೀಟರ್ ಹೊತ್ತು ತಂದೆ. ಬಾಣಲೆಗೆ ಬಿಟ್ಟರೆ ಕಡಲೆಕಾಯಿ ವಾಸನೆ ಹೆಸರಿಗೆ ಉಂಟು, ಅಷ್ಟೇ. ಹಪ್ಪಳ ಬಿಟ್ಟಾಗ ಬಾಣಲೆ ತುಂಬ ನೊರೆ. ಫೋನಿನಲ್ಲಿ ಅಪ್ಪನ ಹತ್ತಿರ ಅತ್ತುಕೊಂಡೆ. ‘ಬೀಜದ ರೇಟು ಎಷ್ಟು ನಡೀತಿದೆ?’ ಅಂದರು. ಕೆಜಿಗೆ 130 ಅಂದೆ. ‘ಒಂದು ಲೀಟರಿಗೆ ಎರಡೂವರೆ ಕೆಜಿ ಬೀಜ ಬೇಕಲ್ಲಮ್ಮ, ಲೆಕ್ಕದವಳು ಆಗಿ ಅಷ್ಟೂ ಗೊತ್ತಾಗಲಿಲ್ವಾ?’ 325 ರೂಪಾಯಿ ಬೀಜಕ್ಕೇ ಆಯಿತು. ಹಿಂಡಿ ಮಾರಿ ಐವತ್ತು ಅರವತ್ತು ವಾಪಸ್ ಬಂದರೂ ಗಾಣದವನ ಕೂಲಿ, ಕರೆಂಟು, ಬಾಟಲಿ ಇದ್ದೇ ಇದೆ. 220ಕ್ಕೆ ಕೊಟ್ಟವನು ಧರ್ಮಛತ್ರ ನಡೆಸುತ್ತಿರಲಿಲ್ಲ.

ಈಗ ನಾನು ಕೊಳ್ಳುವುದು ನಮ್ಮ ಬಡಾವಣೆಯಲ್ಲೇ ಕಣ್ಣೆದುರಿಗೆ ತಿರುಗುವ ಗಾಣದಿಂದ. ಬೀಜದ ರೇಟು ಏರಿದಾಗ ಅವನ ಎಣ್ಣೆ ರೇಟೂ ಏರುತ್ತೆ, ಇಳಿದಾಗ ಇಳಿಯುತ್ತೆ. ವರ್ಷವಿಡೀ ಒಂದೇ ಬೆಲೆ ಇಟ್ಟಿದ್ದರೆ ನಾನು ಬೇರೆ ಕಡೆ ನೋಡುತ್ತಿದ್ದೆ. ತಿಂಗಳಿಗೆ ಎರಡು ಲೀಟರ್ ಸಾಕು. ಚಟ್ನಿಪುಡಿಗೆ ಕಲಸಿಕೊಳ್ಳಲು, ಗೊಜ್ಜಿಗೆ, ಉಪ್ಪಿಟ್ಟಿನ ಒಗ್ಗರಣೆಗೆ, ಅಂದರೆ ಎಣ್ಣೆಯ ರುಚಿ ನಾಲಿಗೆಗೆ ಸಿಗುವ ಕಡೆಗೆ ಮಾತ್ರ. ಪೂರಿ, ಬಜ್ಜಿ, ಹಪ್ಪಳಕ್ಕೆ ಪೊಟ್ಟಣದ ರಿಫೈನ್ಡ್ ಎಣ್ಣೆ. ಗಾಣದ ಎಣ್ಣೆಯಲ್ಲಿ ಬಜ್ಜಿ ಕರಿಯುವವರನ್ನು ಕಂಡರೆ ನನಗೆ ರೇಷ್ಮೆ ಸೀರೆ ಉಟ್ಟು ಅಂಗಳ ಸಾರಿಸುವವರನ್ನು ಕಂಡ ಹಾಗಾಗುತ್ತೆ.

ಕಾಫಿಪುಡಿಗೆ ಬಂದರೆ ನನ್ನ ಲೆಕ್ಕದ ಪುಸ್ತಕ ತಾನೇ ಮುಚ್ಚಿಕೊಳ್ಳುತ್ತೆ. ಈಚಿನ ವರ್ಷಗಳಲ್ಲಿ ಪುಡಿಯ ಬೆಲೆ ಏರಿದ ರೀತಿಗೆ ಅಂಗಡಿಯವರೇ ಹಲಗೆ ಮೇಲಿನ ಸೀಮೆಸುಣ್ಣ ಒರೆಸಿ ಒರೆಸಿ ಸುಸ್ತಾದರು. ಆದರೂ ಇಲ್ಲಿ ಕೊಡುವ ಹೆಚ್ಚಿನ ದುಡ್ಡು ನೇರ ಲೋಟಕ್ಕೆ ಬರುತ್ತೆ. ಚಿಕೋರಿ ಅನ್ನುವ ಬೇರಿನ ಪುಡಿ ಬೆರೆಸಿದ ಕಾಫಿಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಎಷ್ಟೆಷ್ಟು ಬೆರೆಸಿದೆ ಅಂತ ಪೊಟ್ಟಣದ ಮೇಲೆ ಬರೆಯಬೇಕು ಅನ್ನುವುದು ಕಾನೂನು. ಒಂದು ಸಲ ಅಗ್ಗದ ಪೊಟ್ಟಣದ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರ ಓದಿ ನೋಡಿ. ಕಾಫಿ 53, ಚಿಕೋರಿ 47. ಗುಜರಾತಿನಲ್ಲಿ ಬೆಳೆದ ಬೇರಿಗೆ ನೀವು ಚಿಕ್ಕಮಗಳೂರಿನ ಬೆಲೆ ಕೊಡುತ್ತಿದ್ದೀರಿ.

ಹಾಗಂತ ಚಿಕೋರಿಯೇ ಬೇಡ ಅನ್ನುವ ಶುದ್ಧಾಚಾರವೂ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಒಮ್ಮೆ ಹುಮ್ಮಸ್ಸಿನಲ್ಲಿ ಬರೀ ಪೀಬೆರಿ, ಅಂದರೆ ದುಂಡನೆಯ ಕಾಫಿ ಬೀಜ, ಹುರಿಸಿ ಪುಡಿ ಮಾಡಿಸಿ ತಂದೆ. ಡಿಕಾಕ್ಷನ್ ನೀರು ಬಣ್ಣಕ್ಕೆ ಇಳಿಯಿತು. ಅತ್ತೆ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟು, ‘ಕಷಾಯ ಚೆನ್ನಾಗಿದೆ, ಈಗ ಕಾಫಿ ಕೊಡಮ್ಮ’ ಅಂದರು. ಈಗ ಅಂಗಡಿಯಲ್ಲಿ ನಿಂತು ಅರ್ಧ ಪ್ಲಾಂಟೇಷನ್ ಎ ದರ್ಜೆಯ ಬೀಜ, ಅರ್ಧ ಪೀಬೆರಿ ಹುರಿಸಿ ನೂರಕ್ಕೆ ಹದಿನೈದು ಚಿಕೋರಿ ಹಾಕಿಸುತ್ತೇನೆ. ಕಾಲು ಕೆಜಿ ಮಾತ್ರ. ಅರ್ಧ ಕೆಜಿ ತಂದರೆ ಕೊನೆಯ ವಾರಕ್ಕೆ ಘಮ ಹಾರಿಹೋಗಿರುತ್ತೆ; ದುಬಾರಿ ಕಾಫಿಯನ್ನು ಹಳಸಿ ಕುಡಿಯುವುದಕ್ಕಿಂತ ಅಗ್ಗದ್ದನ್ನೇ ತಾಜಾ ಕುಡಿಯಬಹುದು.

ಮೆಣಸಿನಕಾಯಿಯನ್ನು ವರ್ಷಕ್ಕೊಮ್ಮೆ ಫೆಬ್ರುವರಿ, ಮಾರ್ಚಿನಲ್ಲಿ, ಹೊಸ ಮಾಲು ಬಂದಾಗ, ಸಂತೆಪೇಟೆಯಲ್ಲಿ ಇಡಿಯಾಗಿ ಕೊಂಡು, ಬಿಸಿಲಿಗೆ ಹಾಕಿ, ಮಿಲ್ಲಿನಲ್ಲಿ ಪುಡಿ ಮಾಡಿಸುತ್ತೇನೆ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಆ ಸೀಮೆಯ ಮಾಲಿಗೆ ಮಾತ್ರ ಆ ಹೆಸರು ಅನ್ನುವ ಸರ್ಕಾರಿ ಮುದ್ರೆ, ಸಿಕ್ಕಿದೆ ನಿಜ. ಆದರೆ ಅಂಗಡಿಯಲ್ಲಿ ‘ಬ್ಯಾಡಗಿ’ ಅಂತ ರಟ್ಟು ಚುಚ್ಚಿದ ಚೀಲದೊಳಗೆಲ್ಲ ಬ್ಯಾಡಗಿ ಇರುತ್ತೆ ಅಂತ ನಂಬಿದರೆ ನೀವು ಅಂಗಡಿಯವರ ಮನೆಯಲ್ಲಿ ಹುಟ್ಟಿದವರಲ್ಲ. ಬ್ಯಾಡಗಿಯಲ್ಲಿ ಉದ್ದಕ್ಕೆ ಸುಕ್ಕುಗಟ್ಟಿದ್ದು ಕಡ್ಡಿ, ಗಿಡ್ಡಕ್ಕೆ ಉಬ್ಬಿದ್ದು ಡಬ್ಬಿ. ಎರಡರದ್ದೂ ಗುಣ ಒಂದೇ: ಬಣ್ಣ ಜಾಸ್ತಿ, ಖಾರ ಕಮ್ಮಿ. ಕೋಲ್ಡ್ ಸ್ಟೋರೇಜಿನಲ್ಲಿ ಹಿಂದಿನ ವರ್ಷದಿಂದ ಮಲಗಿದ ಮಾಲಾದರೆ ಬಣ್ಣ ಮಂಕು, ಘಾಟೂ ಇಲ್ಲ. ಒಳ್ಳೆಯ ಡಬ್ಬಿಗೆ ಮಾಮೂಲಿ ಕಾಯಿಗಿಂತ ಒಂದೂವರೆ ಪಟ್ಟು ಕೇಳಿದರೂ ನಾನು ಚೌಕಾಸಿ ಮಾಡಲ್ಲ. ವರ್ಷದ 365 ದಿನ ಸಾರು ಮಾಡುವ ಮನೆ ನಮ್ಮದು. ಖಾರಕ್ಕೆ ಅರ್ಧ ಕೆಜಿ ಗುಂಟೂರು ಸೇರಿಸಿದರೆ ಆಯಿತು. ಹೀಗೆ ಎರಡು ಕೆಜಿ ಪುಡಿಗೆ ನಾನು ಹೆಚ್ಚಿಗೆ ಕೊಟ್ಟದ್ದು ವರ್ಷಕ್ಕೆ ಐನೂರು ರೂಪಾಯಿ ಇರಬಹುದು. ಮಗ ಒಂದು ಸಂಜೆಗೆ ಪಿಜ್ಜಾ ತರಿಸುವ ದುಡ್ಡು.

ಇಂಗು, ಏಲಕ್ಕಿಗೂ ಇದೇ ನ್ಯಾಯ. ಚಿಟಿಕೆ ಬಳಸುವ ಪದಾರ್ಥದಲ್ಲಿ ಉಳಿತಾಯ ಮಾಡಲು ಹೋಗಬಾರದು. ಅಗ್ಗದ ಇಂಗಿನ ಡಬ್ಬಿಯಲ್ಲಿ ಮೊದಲ ಹೆಸರೇ ಮೈದಾ ಅಥವಾ ಗೋಂದು ಇರುತ್ತೆ. ಎರಡು ಚಿಟಿಕೆ ಹಾಕುವ ಕಡೆ ನಾಲ್ಕು ಹಾಕುತ್ತೀರಿ, ಅಷ್ಟೇ.

ಉಪ್ಪಿನ ಬಗ್ಗೆ ಎರಡೇ ಮಾತು. ಗುಲಾಬಿ ಉಪ್ಪು ನೋಡಲು ಚೆಂದ. ಆದರೆ ಅದಕ್ಕೆ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ, ಗಳಗಂಡ ಬಾರದಿರಲೆಂದು ಸರ್ಕಾರ ಬೆರೆಸಿಸಿದ ಅಯೋಡಿನನ್ನು ಬಿಟ್ಟು ನಾಲ್ಕು ಪಟ್ಟು ಬೆಲೆ ತೆರುವ ಬುದ್ಧಿವಂತಿಕೆ ನನಗೆ ಬೇಡ. ಏಕಾದಶಿಗೆ ಅತ್ತೆಗೆ ಸೈಂಧವ ಲವಣ ಬೇಕು. ಅದಕ್ಕೆ ನೂರು ಗ್ರಾಂ ಪೊಟ್ಟಣ ಒಂದು ವರ್ಷ ಬರುತ್ತೆ.

ಅಡುಗೆಮನೆಯಿಂದ ಆಚೆ ಬಂದರೆ ನನ್ನ ಕೈ ಇನ್ನೂ ಬಿಗಿ. ನೆಲ ಒರೆಸುವ ದ್ರಾವಣದಲ್ಲಿ ಲ್ಯಾವೆಂಡರ್ ಪರಿಮಳ ಇದ್ದರೇನು, ಇಲ್ಲದಿದ್ದರೇನು? ಕಿಟಕಿ ತೆರೆದರೆ ಹತ್ತು ನಿಮಿಷಕ್ಕೆ ಹಾರಿಹೋಗುತ್ತೆ. ಪಾತ್ರೆ ತೊಳೆಯಲು ನಮ್ಮ ಮನೆಗೆ ಬರುವ ಅಕ್ಕನಿಗೆ ದುಬಾರಿ ದ್ರಾವಣ ತಂದುಕೊಟ್ಟಾಗ, ‘ಇದು ಕೈಗೆ ಹತ್ತಲ್ಲ ಕಣಕ್ಕ, ನಂಗೆ ಬಿಲ್ಲೆನೇ ಕೊಡಿ’ ಅಂದರು. ಬಳಸುವವರೇ ಬೇಡ ಅಂದ ಮೇಲೆ ಮುಗಿಯಿತು. ಅವರಿಗೆ ಬೇಕಾದದ್ದು ಒಳ್ಳೆಯ ಸ್ಟೀಲ್ ನಾರು ಮತ್ತು ರಬ್ಬರ್ ಗ್ಲೌಸ್. ಅದಕ್ಕೆ ದುಡ್ಡು ಕೊಡುತ್ತೇನೆ. ಶಾಂಪೂವಿನಲ್ಲಿ ದೊಡ್ಡ ಬಾಟಲಿ ಅಗ್ಗ ಅನ್ನುವುದು ಭ್ರಮೆ. ಎಷ್ಟೋ ಸಲ ಸ್ಯಾಶೆಯ ದುಡ್ಡನ್ನು ಮಿಲಿಲೀಟರಿಗೆ ಭಾಗಿಸಿದರೆ ಅದೇ ಅಗ್ಗ. ಈಗ ಪೊಟ್ಟಣದ ಮೇಲೆ ಗ್ರಾಂಗೆ, ಮಿಲಿಲೀಟರಿಗೆ ಎಷ್ಟು ಅಂತ ಮುದ್ರಿಸುತ್ತಾರೆ, ಎಂಆರ್‌ಪಿ ಪಕ್ಕದಲ್ಲೇ. ನಾನು ಮೊದಲು ನೋಡುವುದು ಅದನ್ನು.

ಅಗ್ಗಕ್ಕೆ ಬಿದ್ದು ಹೆದರಿದ್ದು ಕುಕ್ಕರಿನ ಗ್ಯಾಸ್ಕೆಟ್ಟಿನಲ್ಲಿ. ತಳ್ಳುಗಾಡಿಯವನ ಹತ್ತಿರ 40 ರೂಪಾಯಿಗೆ ಸಿಕ್ಕಿತು. ಕಂಪನಿಯದ್ದಕ್ಕೆ ಇದರ ಎರಡು ಮೂರು ಪಟ್ಟು. ಇಪ್ಪತ್ತು ದಿನಕ್ಕೆ ಸಡಿಲಾಗಿ, ತೊಗರಿಬೇಳೆ ಬೇಯುವಾಗ ಪಕ್ಕದಿಂದ ಬುಸ್ಸೆಂದು ಹಬೆ ಬಂದು ಹಳದಿ ನೀರು ಗೋಡೆಯ ತನಕ ಚಿಮ್ಮಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನದಿಂದ ಬೆಂಕಿ, ಹಬೆ, ಕರೆಂಟು ಇರುವ ಕಡೆ ನಾನು ಐಎಸ್‌ಐ ಗುರುತು ನೋಡದೆ ಮುಟ್ಟಲ್ಲ. ಗ್ಯಾಸಿನ ಪೈಪೂ ಇದಕ್ಕೇ ಸೇರುತ್ತೆ.

ಫ್ಯಾನಿನ ಕಥೆ ಸ್ವಾರಸ್ಯದ್ದು. ಹಳೇ ಫ್ಯಾನು 75 ವಾಟ್, ಕಡಿಮೆ ಕರೆಂಟು ತಿನ್ನುವ ಮೋಟಾರಿನ ಹೊಸ ಬಿಎಲ್‌ಡಿಸಿ ಫ್ಯಾನು 30ರ ಹತ್ತಿರ. ಬೆಲೆ ಸಾವಿರ, ಒಂದೂವರೆ ಸಾವಿರ ಹೆಚ್ಚು. ‘ಗೃಹಜ್ಯೋತಿ ಬಂದಿದೆ, ಬಿಲ್ಲೇ ಸೊನ್ನೆ, ಇದೆಲ್ಲ ಯಾಕೆ?’ ಅಂದರು ನಮ್ಮೆಜಮಾನರು. ಸರಿ ಅಂತ ಸುಮ್ಮನಾದೆ. ಆಮೇಲೆ ಏಪ್ರಿಲ್ ಬಂತು, ಮಗ ರಜಕ್ಕೆ ಬಂದ, ಎರಡು ಕೋಣೆಯಲ್ಲಿ ಹಗಲೂ ರಾತ್ರಿ ಫ್ಯಾನು ತಿರುಗಿ ಮೀಟರು 214 ಯೂನಿಟ್ ತೋರಿಸಿತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಹದಿನಾಲ್ಕು ಯೂನಿಟ್ಟಿಗೆ ಮಾತ್ರವಲ್ಲ. ಒಂದು ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ಹೊಸದರಲ್ಲಿ ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತೆ. ಎರಡು ಫ್ಯಾನು ಬದಲಿಸಿದೆ. ಮುಂದಿನ ಬೇಸಿಗೆಯಲ್ಲಿ ಮೀಟರು 190 ದಾಟಲಿಲ್ಲ. ಎಜಮಾನರು ಈಗ ಸ್ನೇಹಿತರಿಗೆಲ್ಲ ಬಿಎಲ್‌ಡಿಸಿ ಬಗ್ಗೆ ಉಪನ್ಯಾಸ ಕೊಡುತ್ತಾರೆ, ತಮ್ಮದೇ ಯೋಚನೆ ಅನ್ನುವ ಹಾಗೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಕಳ್ಳ ಬಾಬ್ತುಗಳನ್ನೂ ಹೇಳಿಬಿಡುತ್ತೇನೆ. ಮೈಸೂರು ಸ್ಯಾಂಡಲ್ ಸೋಪು. ಮೈಸೂರಿನಲ್ಲಿ ನೂರು ವರ್ಷಕ್ಕೂ ಹಿಂದೆ ಶುರುವಾದ ಗಂಧದೆಣ್ಣೆ ಕಾರ್ಖಾನೆಯಿಂದ ಹುಟ್ಟಿದ ಪರಿಮಳ ಅದು. ಸೋಪಿನಲ್ಲಿ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಶೇ 76 ಇದ್ದರೆ ಒಂದನೇ ದರ್ಜೆ, ಇದು ಅದನ್ನು ದಾಟುತ್ತೆ ಅಂತ ನೆಪ ಹೇಳಬಹುದು. ಆದರೆ ನಿಜ ಅದಲ್ಲ. ಅದೇ ದರ್ಜೆಯ ಸೋಪು ಇದಕ್ಕಿಂತ ಅಗ್ಗಕ್ಕೆ ಬೇರೆಯೂ ಇದೆ. ಅತ್ತೆ ಸ್ನಾನ ಮಾಡಿ ಬಂದಾಗ ನಡುಮನೆಗೆ ಬರುವ ಆ ವಾಸನೆಗೆ ನಾನು ಲೆಕ್ಕ ಬರೆಯಲ್ಲ. ಹಾಗಂತ ಅದೇ ಕಂಪನಿಯವರು 2012ರಲ್ಲಿ ಬಿಟ್ಟ 720 ರೂಪಾಯಿಯ ಸೋಪನ್ನು ಕೊಂಡಿಲ್ಲ. ಪ್ರೀತಿಗೂ ಒಂದು ಎಂಆರ್‌ಪಿ ಇದೆ.

ಇನ್ನೊಂದು, ಕೊಬ್ಬರಿ. ಇದನ್ನು ನಾನು ಮೈಸೂರಿನಲ್ಲಿ ದುಡ್ಡು ಕೊಟ್ಟು ಕೊಂಡದ್ದೇ ಇಲ್ಲ. ತಿಪಟೂರಿನ ಕಡೆ ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗೆ ನೀರೆಲ್ಲ ಇಂಗಿ ಗಿಟುಕು ಕರಟ ಬಿಟ್ಟು ಗಡಗಡ ಅಲ್ಲಾಡುವ ತನಕ. ಒಡೆದರೆ ಇಡೀ ಚೆಂಡು ಈಚೆ ಬರಬೇಕು, ಕಂದು ಸಿಪ್ಪೆ, ಒಳಗೆ ಬೆಳ್ಳನೆ ಬಿಳುಪು. ಅಂಗಡಿ ಮುಚ್ಚಿ ಆರು ವರ್ಷವಾದರೂ ಅಪ್ಪ ಈಗಲೂ ವರ್ಷಕ್ಕೆರಡು ಸಲ ಚೀಲದಲ್ಲಿ ಗಿಟುಕು ಆರಿಸಿ ಬಸ್ಸಿನಲ್ಲಿ ಕಳಿಸುತ್ತಾರೆ. ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ ಆರಿಸಿದ್ದು. ಕೊಬ್ಬರಿ ಬೆಲೆ ಏರಿದಾಗ ‘ದುಡ್ಡು ಕಳಿಸ್ತೀನಪ್ಪ’ ಅಂದರೆ ಫೋನ್ ಇಟ್ಟುಬಿಡುತ್ತಾರೆ.

ಮೊನ್ನೆ ಮಾತಾಡುವಾಗ ಮಗ ತಂದ ತುಪ್ಪದ ಬೆಲೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಬಾಟ್ಲಿ ಗಾಜಿಂದಾ?’

‘ಹೂಂ ಅಪ್ಪ. ದಪ್ಪ ಗಾಜು.’

‘ಬಾಯಿ ಅಗಲ ಐತಾ? ಕೈ ಹೋಗುತ್ತಾ?’

‘ಹೋಗುತ್ತೆ.’

‘ಮುಗಿದ ಮೇಲೆ ಬಿಸಾಕಬ್ಯಾಡ. ಬಿಸಿಲಿಗಿಟ್ಟು ಒಣಗಿಸು. ಮುಂದಿನ ವಾರ ಗಿಟುಕು ಕಳಿಸ್ತೀನಿ, ತುರಿದು ಹಾಕ್ಕೊ.’

ಬಾಟಲಿ ಈಗ ಮಹಡಿ ಮೇಲೆ ಬೋರಲು ಬಿದ್ದಿದೆ. ದಾರ, ಚೀಟಿಯನ್ನು ಅತ್ತೆ ಎತ್ತಿಟ್ಟುಕೊಂಡಿದ್ದಾರೆ, ಯಾಕೋ ಗೊತ್ತಿಲ್ಲ.